ಬರೇ ಪುಂಡಿ, ವೈನಿ

ಕಸ್ತೂರಿ ವೈನಿಗೆ ನಾನು ಗಾಂಜಾ ತಿನ್ನಿಸಿದ್ದೇನೆ. ಅವರಿಗೆ ಗೊತ್ತಾಗದಂತೆ, ಅವರು ಬಾಯಿಬಿಟ್ಟು ಬೇಡವೆಂದ ಮೇಲೆ, ಪುಂಡಿ ಪಲ್ಯದಲ್ಲಿ ಬೆರೆಸಿ. ಬೆರೆಸಿದ ಕೈ ಅವರ ಗಂಡ ಬಸವರಾಜನದು. ಗಿಡ ಬೆಳೆಸುವುದನ್ನು ಹೇಳಿಕೊಟ್ಟವನು ನಾನು. ಅವರು ಕೇಳಿದಾಗ ಸುಳ್ಳು ಹೇಳಿದವನೂ ನಾನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳಹೊರಟರೆ ನಡುವೆ ಎಲ್ಲೋ ನಾನು ಒಳ್ಳೆಯವನಾಗಿಬಿಡುವ ಅಪಾಯವಿದೆ.

ಬೆಳೆಸಿದ್ದಕ್ಕೆ ಕ್ಷಮೆ ಕೇಳುತ್ತಿಲ್ಲ, ಅದನ್ನೂ ಈಗಲೇ ಹೇಳುತ್ತೇನೆ. ಎಂಬತ್ತರ ದಶಕದ ನ್ಯೂಜೆರ್ಸಿಯಲ್ಲಿ ಅದು ಅಪರಾಧವಾಗಿತ್ತು. ಸಿಕ್ಕಿಬಿದ್ದಿದ್ದರೆ ಬಸುವಿನ ಕೆಲಸ, ನನ್ನ ಗ್ರೀನ್ ಕಾರ್ಡ್ ಎರಡೂ ಹೋಗುತ್ತಿದ್ದವು. ಇವತ್ತು ಅದೇ ರಾಜ್ಯದಲ್ಲಿ ಅದನ್ನು ಗಾಜಿನ ಬಾಗಿಲಿನ ಅಂಗಡಿಗಳಲ್ಲಿ ಮಾರುತ್ತಾರೆ. ನನ್ನ ವಯಸ್ಸಿನವರು ಮಂಡಿನೋವಿಗೆಂದು ಕೊಂಡು, ಮೊಮ್ಮಕ್ಕಳಿಗೆ ಕಾಣದಂತೆ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಕಾನೂನಿನ ಮುಂದೆ ತಲೆ ತಗ್ಗಿಸುವ ನಾಟಕ ನನ್ನಿಂದಾಗದು. ನಾನು ತಪ್ಪು ಮಾಡಿದ್ದು ಬೇರೆ ಕಡೆ.

ಆಗ ನಾನು ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸುತ್ತಿದ್ದ ಮೈಸೂರಿನ ಹುಡುಗ. ಬೆಳಕು ಕತ್ತಲೆಗಳ ಅಳತೆಯಿಂದ ಗಿಡಗಳು ಹೂ ಬಿಡುವ ಕಾಲವನ್ನು ಹೇಗೆ ತಿಳಿಯುತ್ತವೆ ಎಂಬುದು ನನ್ನ ವಿಷಯ. ನಮ್ಮ ಕನ್ನಡದ ಮನೆಗಳಲ್ಲಿ ಈ ವಿದ್ಯೆಗೆ ಇದ್ದ ಬೆಲೆ ಒಂದೇ: ಚಳಿಗಾಲದಲ್ಲಿ ಕರಿಬೇವು ಸಾಯದಂತೆ ನೋಡಿಕೊಳ್ಳುವುದು. ಆ ಕಾಲದಲ್ಲಿ ಕರಿಬೇವು ಎಲ್ಲ ಅಂಗಡಿಗಳಲ್ಲೂ ಸಿಗುತ್ತಿರಲಿಲ್ಲ. ಪ್ರತಿಯೊಂದು ಮನೆಯ ಬೇಸ್‌ಮೆಂಟಿನಲ್ಲೂ ವಾಷಿಂಗ್ ಮಷೀನಿನ ಪಕ್ಕ, ಟ್ಯೂಬ್‌ಲೈಟಿನ ಕೆಳಗೆ, ರೋಗಿಯಂತೆ ಒಂದು ಕರಿಬೇವು, ಒಂದು ತುಳಸಿ. ನವೆಂಬರ್ ಬಂತೆಂದರೆ ನನಗೆ ಫೋನು ಶುರು. ‘ಎಲೆ ಉದುರ್ತಾ ಇದೆ ಕಣಪ್ಪ, ಏನ್ ಮಾಡ್ಲಿ?’ ನೀರು ಕಮ್ಮಿ ಹಾಕಿ ಆಂಟಿ ಎನ್ನುತ್ತಿದ್ದೆ. ನೂರಕ್ಕೆ ತೊಂಬತ್ತು ಗಿಡಗಳು ಅಕ್ಕರೆಯಿಂದಲೇ ಕೊಳೆತು ಸಾಯುತ್ತಿದ್ದವು.

ಬಸು ಬಾಗಲಕೋಟೆ ಕಡೆಯವನು, ಇಂಜಿನಿಯರು. ವುಡ್‌ಬ್ರಿಡ್ಜಿನಲ್ಲಿ ಒಂದು ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಿದ್ದ. ಅವನ ಬೇಸ್‌ಮೆಂಟಿನಲ್ಲಿ ಕರಿಬೇವಿನ ಜೊತೆ ಸಾಲಾಗಿ ಪುಂಡಿ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯ ಜೊತೆ ಬಾಯಿ ಚಪ್ಪರಿಸಿ ತಿನ್ನುವ ಹುಳಿಸೊಪ್ಪು ಅದು. ಬೀಜವನ್ನು ವೈನಿ— ಅತ್ತಿಗೆಗೆ ಅವರ ಕಡೆ ಹಾಗೆನ್ನುತ್ತಾರೆ— ಊರಿನಿಂದ ಸೀರೆಯ ಸೆರಗಿನಲ್ಲಿ ಕಟ್ಟಿ ತಂದಿದ್ದರು. ಮೈಸೂರಿನವನಾದ ನಾನು ಮೊದಲ ಸಲ ಬಾಯಿಗಿಟ್ಟು ಮುಖ ಹಿಂಡಿದಾಗ ಅವರು ನಕ್ಕಿದ್ದರು. ‘ಮೈಸೂರವ್ರಿಗೆ ಸಾರಿಗೂ ಬೆಲ್ಲ ಬೇಕ್ರಿ. ನಿಮ್ಮ ನಾಲಿಗಿ ಇನ್ನೂ ತೊಟ್ಟಿಲದಾಗ ಐತಿ.’

ಆ ವರ್ಷವೇ ಅವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ಚಿಕಿತ್ಸೆ ಶುರುವಾದ ಮೇಲೆ ಅನ್ನ ಸೇರದು, ನೀರು ಸೇರದು. ಬಸು ರೊಟ್ಟಿ ತಟ್ಟಲು ಕಲಿತ, ಗಂಜಿ ಕಾಯಿಸಲು ಕಲಿತ— ಎಲ್ಲ ಸಿಂಕಿಗೆ ಹೋಗುತ್ತಿತ್ತು. ಡಾಕ್ಟರು ಹೇಳಿದ್ದು ಸ್ಪಷ್ಟ: ತೂಕ ಹೀಗೇ ಇಳಿದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ. ಕಾರಿಡಾರಿನಲ್ಲಿ ಒಬ್ಬ ನರ್ಸ್ ಅವನನ್ನು ಪಕ್ಕಕ್ಕೆ ಕರೆದು, ಕೆಲವು ರೋಗಿಗಳು ಗಾಂಜಾದಿಂದ ಊಟ ಮಾಡುವಂತಾಗಿದ್ದಾರೆ, ನಾನು ಹೇಳಿದೆ ಅನ್ನಬೇಡಿ, ಎಂದು ಹೇಳಿ ಹೋದಳು.

ಬಸು ಮುಚ್ಚಿಡುವವನಲ್ಲ. ಅಂದೇ ಹೆಂಡತಿಗೆ ಹೇಳಿದ. ನಾನೂ ಅಲ್ಲಿದ್ದೆ. ವೈನಿ ಸೋಫಾದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ತಿರುಗಲೇ ಇಲ್ಲ.

‘ಸತ್ರೂ ಬ್ಯಾಡ. ನಮ್ಮಣ್ಣನ್ನ ತಿಂದದ್ದು ಅದ.’

ಅವರ ಅಣ್ಣ ಮಠದ ಹಿಂದೆ ಭಂಗಿ ಸೇದುವ ಬೈರಾಗಿಗಳ ಜೊತೆ ಸೇರಿ ಮನೆ ಬಿಟ್ಟವನು, ಮತ್ತೆ ಬರಲಿಲ್ಲ. ತಾಯಿ ಎಷ್ಟೋ ವರ್ಷ ಎರಡು ರೊಟ್ಟಿ ಹೆಚ್ಚಿಗೆ ತಟ್ಟುತ್ತಿದ್ದರಂತೆ. ಆದ್ದರಿಂದ ಅದು ಅರಿಯದೆ ಆಡಿದ ಮಾತಲ್ಲ. ಬಲ್ಲವರ ಮಾತು. ಅಲ್ಲಿಗೆ ಅದು ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ಯಾರು ಮತ್ತೆ ಆ ಮಾತನ್ನು ಎತ್ತಿದ್ದು? ನನ್ನ ನೆನಪಿನಲ್ಲಿ ಬಸು. ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ, ನನ್ನ ಕಡೆ ನೋಡದೆ ‘ಆಕಿಗೆ ಹೇಳಬ್ಯಾಡ. ಬೆಳಸೂದು ಹ್ಯಾಂಗ, ಅಷ್ಟ ಹೇಳು’ ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಬಸು ಸಾಯುವ ತನಕ ಒಂದೇ ಹಟ ಹಿಡಿದಿದ್ದ: ‘ಏ ಡಾಕ್ಟರ್, ನೀನ ಮೊದಲ ಅಂದದ್ದು. ಪುಂಡಿ ನಡುವ ಇಟ್ರ ಯಾರಿಗೂ ತಿಳಿಯೂದಿಲ್ಲ ಅಂತ, ಕಾಫಿ ಕುಡಕೋತ.’ ಕಾಫಿ ನನಗೆ ನೆನಪಿಲ್ಲ. ಹಿಮ ಅವನಿಗೆ ನೆನಪಿರಲಿಲ್ಲ. ಪುಂಡಿಯ ಒಂದು ಜಾತಿಯ ಎಲೆ ಗಾಂಜಾ ಎಲೆಯನ್ನು ಎಷ್ಟು ಹೋಲುತ್ತದೆಂದರೆ, ಅದರ ಲ್ಯಾಟಿನ್ ಹೆಸರಿನಲ್ಲೇ ಆ ಹೋಲಿಕೆ ಕೂತಿದೆ. ಇದನ್ನು ಬಲ್ಲವನು ನಮ್ಮಿಬ್ಬರಲ್ಲಿ ನಾನೊಬ್ಬನೇ— ಆದ್ದರಿಂದ ಅವನ ನೆನಪೇ ಸರಿ ಇರಬೇಕು. ಕಳೆದ ವರ್ಷ ಬಸು ತೀರಿಕೊಂಡ. ಈಗ ನನ್ನ ನೆನಪಿಗೆ ಎದುರುಸಾಕ್ಷಿ ಇಲ್ಲ. ಅದಕ್ಕೇ ಅದರ ಮೇಲೆ ಇನ್ನಷ್ಟು ಅನುಮಾನ.

ಬೀಜ ತಂದವನು ನಾನು, ಇದರಲ್ಲಿ ಅನುಮಾನವಿಲ್ಲ. ಪ್ರಯೋಗಾಲಯದ ಅಮೆರಿಕನ್ ಗೆಳೆಯನೊಬ್ಬ ಪ್ರಶ್ನೆ ಕೇಳದೆ ಕೊಟ್ಟ. ಹೊಸದಾಗಿ ಬೆಳೆಸುವವನಿಗೆ ಹೇಳಬೇಕಾದದ್ದನ್ನು ಕರಿಬೇವಿನ ಆಂಟಿಯರಿಗೆ ಹೇಳುತ್ತಿದ್ದ ಧಾಟಿಯಲ್ಲೇ ನಾನು ಬಸುವಿಗೆ ಹೇಳಿದೆ. ನೀರು ಕಮ್ಮಿ ಹಾಕು. ದಿನಕ್ಕೆ ಹತ್ತು ಸಲ ಹೋಗಿ ನೋಡಬೇಡ, ನೋಡಿದರೆ ಏನಾದರೂ ಮಾಡಬೇಕೆನ್ನಿಸುತ್ತದೆ, ಮಾಡಿದರೆ ಸಾಯುತ್ತದೆ. ಬೆಳೆಯುವಾಗ ಬೆಳಕು ಹೆಚ್ಚು ಕೊಡು. ಹೂ ಬೇಕಾದಾಗ ಉದ್ದನೆಯ ಕತ್ತಲೆ ಕೊಡು. ಕತ್ತಲೆ ಎಂದರೆ ಪೂರ್ತಿ ಕತ್ತಲೆ— ನಡುವೆ ಒಮ್ಮೆ ದೀಪ ಹತ್ತಿದರೂ ಗಿಡದ ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ ಶುರು. ಮತ್ತೆ, ಯಾರಿಗೂ ಹೇಳಬೇಡ. ಈ ಕೊನೆಯ ಮಾತನ್ನು ಅವನಿಗಿಂತ ಚೆನ್ನಾಗಿ ಪಾಲಿಸಿದವನು ನಾನು.

ಅವನು ಎಲ್ಲರಂತೆ ನೀರು ಜಾಸ್ತಿ ಹಾಕಿಯೇ ಶುರು ಮಾಡಿದ. ‘ಹೆಂಡ್ತಿಗಿ ಏನೂ ಸೇರವಲ್ದು, ಗಿಡಕ್ಕರೆ ಹೊಟ್ಟಿ ತುಂಬ ಹಾಕ್ತೀನಲೇ’ ಎಂದ. ಮೊದಲ ಸಸಿಗಳು ಕೊಳೆತವು. ಎರಡನೆಯ ಸಲದವು ನಿಂತವು. ಹಳೆಯ ಬೆಡ್‌ಶೀಟಿನ ಪರದೆಯ ಹಿಂದೆ, ಪುಂಡಿಯ ಸಾಲಿನ ನಡುವೆ, ನಾಲ್ಕಾರು ಗಿಡಗಳು. ಒಮ್ಮೆ ಗ್ಯಾಸ್ ಮೀಟರ್ ನೋಡಲು ಬಂದವನು ಪರದೆ ಸರಿಸಿ, ಏನಿದು ಸರ್ ಎಂದ. ಬಸು ಕಣ್ಣು ಮಿಟುಕಿಸದೆ ಪಕ್ಕದ ಪುಂಡಿಯಿಂದ ಒಂದೆಲೆ ಕಿತ್ತು ತಾನು ಅಗಿದ, ಒಂದೆಲೆ ಅವನಿಗೂ ಕೊಟ್ಟ. ಅವನು ಬಾಯಿಗಿಟ್ಟು, ಹುಳಿಗೆ ಒಂದು ಕಣ್ಣು ಮುಚ್ಚಿ, ಇದನ್ನು ನೀವು ಇಷ್ಟಪಟ್ಟು ತಿನ್ನುತ್ತೀರಾ ಎಂದು ಕೇಳಿ ಹೋದ. ಈ ಕಥೆಯನ್ನು ಬಸು ಹೇಳಿದಾಗಲೆಲ್ಲ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಈಗಲೂ ನಗು ಬರುತ್ತದೆ. ಬರಲಿ.

ಮೊದಮೊದಲು ಎಲೆ, ಆಮೇಲೆ ಹೂವು. ಬಸು ಅದನ್ನು ತುಪ್ಪದಲ್ಲಿ ಬಾಡಿಸಿ ಪುಂಡಿಯಲ್ಲಿ ಕೂಡಿಸುತ್ತಿದ್ದ. ಪುಂಡಿಯ ಹುಳಿ, ಬೆಳ್ಳುಳ್ಳಿಯ ಒಗ್ಗರಣೆ ಏನನ್ನಾದರೂ ಮುಚ್ಚುತ್ತವೆ. ಒಂದು ಭಾನುವಾರ ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ನನ್ನ ತಟ್ಟೆಗೆ ಬೇರೆ ಪಾತ್ರೆಯಿಂದ, ಅವರ ತಟ್ಟೆಗೆ ಬೇರೆ ಪಾತ್ರೆಯಿಂದ ಬಡಿಸಿದ್ದನ್ನು ವೈನಿ ನೋಡಿದರು. ಒಂದು ತುತ್ತು ಬಾಯಿಗಿಟ್ಟು, ನಿಧಾನ ಅಗಿದು, ಗಂಡನನ್ನು ಬಿಟ್ಟು ನನ್ನ ಕಡೆ ತಿರುಗಿದರು.

‘ಇದರಾಗ ಏನ್ ಹಾಕೀರಿ?’

ಬಸು ನೀರು ತರುವ ನೆಪದಲ್ಲಿ ಎದ್ದ.

‘ಪುಂಡಿ, ವೈನಿ. ಬರೇ ಪುಂಡಿ.’

ಅವರ ಮಾತಿನಲ್ಲೇ ಹೇಳಿದೆ. ಬರೀ ಎನ್ನುವ ನಾನು ಬರೇ ಎಂದೆ, ನಂಬಿಕೆ ಬರಲಿ ಎಂದು. ಅವರು ಇನ್ನೂ ಒಂದು ಕ್ಷಣ ನೋಡಿ, ‘ಪ್ರಿನ್ಸ್‌ಟನ್‌ದಾಗ ಕೆಲಸ ಸಿಗತೈತಿ ಅಂತೀರಿ, ಸುಳ್ಳು ಹೇಳಾಕ ಬರೂದಿಲ್ಲ ನಿಮಗ’ ಎಂದರು— ನಿಜಕ್ಕೂ ಹಾಗೆ ಎಂದರೇ? ಅಥವಾ ಇದು ನಾನು ಆಮೇಲೆ ಕಟ್ಟಿಕೊಂಡದ್ದೇ? ಇದಕ್ಕೆ ಮತ್ತೆ ಬರುತ್ತೇನೆ.

ಆ ತಟ್ಟೆ ಖಾಲಿಯಾಯಿತು. ಕೆಲವು ವಾರಗಳಲ್ಲಿ ಕುಡಿದ ಗಂಜಿ ಹೊಟ್ಟೆಯಲ್ಲಿ ನಿಂತಿತು, ಅರ್ಧ ರೊಟ್ಟಿಯೂ ದಕ್ಕಿತು. ಚಿಕಿತ್ಸೆ ಕೊನೆಯವರೆಗೂ ನಡೆಯಿತು. ವೈನಿ ಬದುಕಿದರು. ಗಾಂಜಾದಿಂದ ಬದುಕಿದರು ಎಂದು ನಾನು ಹೇಳುವುದಿಲ್ಲ. ನಾನು ಓದಿದ ವಿದ್ಯೆ ಅಷ್ಟು ಅಗ್ಗವಲ್ಲ. ಊಟ ಸೇರಿತು, ಅದರಿಂದ ಔಷಧಿ ನಿಲ್ಲಲಿಲ್ಲ— ಇಷ್ಟನ್ನು ಯಾರ ಮುಂದೆಯೂ ನಿಂತು ಹೇಳುತ್ತೇನೆ. ಗಿಡಗಳನ್ನು ಬಸು ಕಿತ್ತುಹಾಕಿದ. ಆಕಿ ಇರೂತನಕ, ನಾ ಇರೂತನಕ ಬಾಯಿ ಬಿಡಬ್ಯಾಡ ಎಂದು ಕೈ ಮೇಲೆ ಕೈ ಹಾಕಿಸಿಕೊಂಡ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮೆರೆಯುತ್ತಿದ್ದೆನೋ ಏನೋ.

ವೈನಿ ತಮ್ಮ ಹಸಿವಿಗೆ ಕಾರಣ ಹುಡುಕಿದರು. ನಾವು ಕೊಟ್ಟ ಕಾರಣವೇ ಅವರ ಕೈಯಲ್ಲಿತ್ತು: ಪುಂಡಿ. ಕನ್ನಡದವರು ಸೇರಿದಲ್ಲೆಲ್ಲ ಹೇಳಿದರು. ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸಸಿ ಹಂಚಿದರು. ಅವರನ್ನು ಪುಂಡಿ ಆಂಟಿ ಎಂದು ಕರೆಯುವುದು ಶುರುವಾಯಿತು. ಜಗತ್ತಿನ ಎಲ್ಲ ಪವಾಡಗಳನ್ನೂ ಬಿಚ್ಚಿ ನೋಡುತ್ತೇನೆ ಎಂದು ವಾದಕ್ಕೆ ನಿಲ್ಲುತ್ತಿದ್ದ ನಾನು, ಒಂದು ಪವಾಡ ನನ್ನ ಕಣ್ಣೆದುರೇ ಹುಟ್ಟಿ ಬೆಳೆದು ಓಡಾಡುವುದನ್ನು ಕಂಡು ಸುಮ್ಮನೆ ಚಿತ್ರಾನ್ನ ತಿನ್ನುತ್ತಿದ್ದೆ.

ತೊಂಬತ್ತರ ದಶಕದ ಆರಂಭದಲ್ಲಿ, ಪಕ್ಕದ ರಾಜ್ಯದ ಫ್ಲೋರಲ್ ಪಾರ್ಕಿನ ಸರೋಜಮ್ಮನವರಿಗೆ ಅದೇ ಕಾಯಿಲೆ ಬಂತು. ಹಾಸನದ ಕಡೆಯವರು, ಮಾತಿನಲ್ಲಿ ಯಾರಿಗೂ ಸೋಲದವರು. ಪಿಕ್ನಿಕ್ಕುಗಳಲ್ಲಿ ವೈನಿಯ ಡಬ್ಬಿ ಕಂಡರೆ, ‘ನಮ್ಮ ಕಡೆ ಈ ಸೊಪ್ಪು ದನಕ್ಕೂ ಹಾಕಲ್ಲ ಕಣ್ರೀ’ ಎನ್ನುತ್ತಿದ್ದವರು. ‘ಅದಕ್ಕ ನಿಮ್ಮ ಕಡೆ ದನ ಬಡಕಲ್ರಿ’ ಎನ್ನುತ್ತಿದ್ದರು ವೈನಿ. ಆ ಸರೋಜಮ್ಮನೇ ಫೋನು ಮಾಡಿ ಪುಂಡಿ ಕೇಳಿದರು.

ವೈನಿಯನ್ನು ಡ್ರೈವ್ ಮಾಡಿಕೊಂಡು ಹೋದವನು ನಾನು. ಬಸುವಿಗೆ ಅವತ್ತು ಕೆಲಸವಿತ್ತು— ಅಥವಾ ಇದೆ ಎಂದ. ಸ್ಟೇಟನ್ ಐಲೆಂಡ್ ದಾಟಿ, ಸೇತುವೆಗಳ ಮೇಲೆ, ಹಿಂದಿನ ಸೀಟಿನಲ್ಲಿ ಪುಂಡಿಯ ಕುಂಡಗಳನ್ನು ಬೆಲ್ಟ್ ಹಾಕಿ ಕೂರಿಸಿಕೊಂಡು. ದಾರಿಯುದ್ದಕ್ಕೂ ವೈನಿ ಅವುಗಳಿಗೆ ಗಾಳಿ ತಾಗುತ್ತದೆ, ಕಿಟಕಿ ಏರಿಸಿ ಎನ್ನುತ್ತಿದ್ದರು.

ಸರೋಜಮ್ಮ ಅಡಿಗೆಮನೆಯ ಕುರ್ಚಿಯಲ್ಲಿ ಸ್ವೆಟರಿನ ಮೇಲೆ ಸ್ವೆಟರ್ ಹಾಕಿ ಕೂತಿದ್ದರು. ವೈನಿ ಅವರ ಒಲೆಯ ಮೇಲೆ ಪಲ್ಯ ಮಾಡುತ್ತಿದ್ದಾಗ, ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

‘ನೀವು ಗಿಡ ಓದಿದವರು. ನಿಜ ಹೇಳಿ, ಇದು ಕೆಲಸ ಮಾಡತ್ತಾ?’

ಆಗ ನಾನು ಪ್ರಿನ್ಸ್‌ಟನ್ ಬಳಿ ಒಂದು ಔಷಧ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಅಷ್ಟು ಹೊತ್ತಿಗೆ ಗಾಂಜಾದ ಅದೇ ಸತ್ವದ ಕ್ಯಾಪ್ಸೂಲು ಕಾನೂನುಬದ್ಧವಾಗಿಯೇ ಬಂದಿತ್ತು. ಚಿಕಿತ್ಸೆಯ ವಾಂತಿಗೆ ಡಾಕ್ಟರು ಬರೆದುಕೊಡಬಹುದಿತ್ತು. ನನಗೆ ಅದು ಗೊತ್ತಿತ್ತು. ನಿಮ್ಮ ಡಾಕ್ಟರನ್ನು ಇದರ ಬಗ್ಗೆ ಕೇಳಿ ಎಂದು ಒಂದು ಸಾಲು ಹೇಳಿದ್ದರೆ ಸಾಕಿತ್ತು. ಅಪರಾಧವಿಲ್ಲ, ಬೇಸ್‌ಮೆಂಟಿಲ್ಲ, ಪರದೆಯಿಲ್ಲ. ಆದರೆ ಒಲೆಯ ಹತ್ತಿರ ವೈನಿ ನಿಂತಿದ್ದರು. ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ತಿರುಗಿ ಕೇಳುತ್ತಾರೆ ಅನ್ನಿಸಿತು. ಆಗ ನನ್ನ ನಾಗರಿಕತ್ವದ ಅರ್ಜಿ ಇನ್ನೂ ಯಾವುದೋ ಕಚೇರಿಯಲ್ಲಿತ್ತು.

‘ಅವರಿಗೆ ಮಾಡಿದೆ’ ಎಂದೆ.

ಸುಳ್ಳೂ ಅಲ್ಲದ ಮಾತು. ನಾನು ಇಷ್ಟು ಓದಿದ್ದು ಇಂಥ ಒಂದು ವಾಕ್ಯ ಮಾಡುವುದಕ್ಕೆ.

ಸರೋಜಮ್ಮ ಪುಂಡಿ ತಿಂದರು, ವಾಂತಿ ಮಾಡಿಕೊಂಡರು, ಮತ್ತೆ ತಿಂದರು. ಛಲದಿಂದ ತಿಂದರು ಎಂದು ಅವರ ಗಂಡ ಆಮೇಲೆ ಹೇಳಿದರು. ಅವರ ಕಾಯಿಲೆ ಮುಂದುವರಿದದ್ದಾಗಿತ್ತು. ಕ್ಯಾಪ್ಸೂಲು ಸಿಕ್ಕಿದ್ದರೆ ಉಳಿಯುತ್ತಿದ್ದರು ಎಂದು ನನಗೆ ಗೊತ್ತಿಲ್ಲ, ಬಹುಶಃ ಇಲ್ಲ. ಆದರೆ ಕೊನೆಯ ತಿಂಗಳುಗಳಲ್ಲಿ ಒಂದಿಷ್ಟು ಅನ್ನ, ಒಂದು ಲೋಟ ಮಜ್ಜಿಗೆ, ಯಾರನ್ನಾದರೂ ಗೇಲಿ ಮಾಡುವಷ್ಟು ತ್ರಾಣ— ಅಷ್ಟಾದರೂ ಸಿಗಬಹುದಾಗಿತ್ತು. ಅದನ್ನು ನಾನು ಅವರಿಂದ ಕಸಿದೆ. ಇದಕ್ಕೆ ಪಕ್ಕದಲ್ಲಿ ಇಡಬಹುದಾದ ಒಂದು ‘ಆದರೆ’ ಕೂಡ ನನ್ನ ಹತ್ತಿರ ಇಲ್ಲ.

ಅವರು ತೀರಿಕೊಂಡ ದಿನ ವೈನಿಯನ್ನು ಮತ್ತೆ ಅದೇ ದಾರಿಯಲ್ಲಿ ವಾಪಸು ಕರೆತಂದೆ. ಸೇತುವೆಯ ಮೇಲೆ ಟ್ರಾಫಿಕ್ ನಿಂತಿತ್ತು. ಅವರು ಮಡಿಲಲ್ಲಿ ಇಟ್ಟುಕೊಂಡಿದ್ದ ತಮ್ಮ ಅಂಗೈಗಳನ್ನು ನೋಡುತ್ತಾ ಹೇಳಿದರು:

‘ನಾ ಕೊಟ್ಟದ್ದು ಆಕಿಗಿ ಹತ್ತಲಿಲ್ಲ ನೋಡ್ರಿ. ನನ್ನ ಕೈಗುಣಾನ ಸರಿ ಇಲ್ಲ.’

ನಾನು ಸ್ಟೀರಿಂಗ್ ಹಿಡಿದುಕೊಂಡು ಮುಂದಿನ ಕಾರಿನ ಕೆಂಪು ದೀಪ ನೋಡುತ್ತಿದ್ದೆ. ಆ ವಾರ ವೈನಿ ಕುಂಡಗಳನ್ನೆಲ್ಲ ಬರಿದು ಮಾಡಿದರು. ತಾಯಿ ಕೊಟ್ಟ ಬೀಜ ಅದು. ಮತ್ತೆ ಅವರ ಮನೆಯಲ್ಲಿ ಪುಂಡಿ ಬೆಳೆಯಲಿಲ್ಲ. ಕಾಯಿಲೆಯವರ ಮನೆಗೆ ಅಡಿಗೆ ಮಾಡಿ ಒಯ್ಯುವುದನ್ನು ಕೂಡ ಬಿಟ್ಟರು.

ಈಗ ನನ್ನ ನೆನಪಿನ ವಿಷಯ. ಇಷ್ಟು ವರ್ಷ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಒಂದು ಸಿದ್ಧಾಂತದ ಆಸರೆಯಿಂದ: ವೈನಿಗೆ ಗೊತ್ತಿತ್ತು. ಅದಕ್ಕೆ ನನ್ನ ಹತ್ತಿರ ಪುರಾವೆಗಳೂ ಇವೆ. ಹುಟ್ಟಿದಾಗಿನಿಂದ ಪುಂಡಿ ತಿಂದ ನಾಲಿಗೆ ತುಪ್ಪದ ಹಿಂದಿನ ಆ ಕಹಿಯನ್ನು ಗುರುತಿಸದೆ ಇರುತ್ತದೆಯೇ? ಸುಳ್ಳು ಹೇಳಲು ಬರುವುದಿಲ್ಲ ನಿಮಗೆ ಎಂದರಲ್ಲ. ಇನ್ನೂ ಒಂದಿದೆ. ಆ ಚಳಿಗಾಲದಲ್ಲಿ ಗಿಡಗಳು ಎಷ್ಟು ದಿನವಾದರೂ ಹೂ ಬಿಡಲಿಲ್ಲ. ಕತ್ತಲೆಯಲ್ಲಿ ಯಾರೋ ದೀಪ ಹಾಕುತ್ತಿದ್ದಾರೆ ಎಂದು ನಾನು ಬಸುವಿಗೆ ಹೇಳಿದೆ. ಅವನು ತಾನಲ್ಲ ಎಂದ. ಅಂದರೆ ವೈನಿ ಕೆಳಗೆ ಇಳಿಯುತ್ತಿದ್ದರು. ಆಮೇಲೆ, ಆ ಭಾನುವಾರದ ಊಟವಾದ ಮೇಲೆ, ದೀಪ ಹತ್ತುವುದು ನಿಂತಿತು, ಹೂ ಬಂತು. ನೋಡಿದರು, ಅರ್ಥ ಮಾಡಿಕೊಂಡರು, ನಮಗಾಗಿ ಸುಮ್ಮನಾದರು, ಬೆಳೆಯಲು ಬಿಟ್ಟರು— ಎಂಥ ಸುಂದರ ವಾದ. ಗಿಡಗಳೇ ಸಾಕ್ಷಿ.

ವಿದ್ಯಾರ್ಥಿಯೊಬ್ಬ ಇದನ್ನು ನನ್ನ ಮುಂದೆ ತಂದಿದ್ದರೆ ಹರಿದು ಎಸೆಯುತ್ತಿದ್ದೆ. ಬೇಸ್‌ಮೆಂಟಿನಲ್ಲಿ ವಾಷಿಂಗ್ ಮಷೀನ್ ಇತ್ತು. ನಿದ್ದೆ ಬಾರದವರು ಬಟ್ಟೆ ಒಗೆಯಲು ಇಳಿದಿರಬಹುದು. ಮೈಯಲ್ಲಿ ಶಕ್ತಿ ಬಂದ ಮೇಲೆ ಹಗಲು ಒಗೆದಿರಬಹುದು. ಎಲೆ? ಅಣ್ಣನ ಜೇಬಿನಲ್ಲಿ ಒಣಗಿದ ಪುಡಿಯನ್ನಷ್ಟೇ ಅವರು ಕಂಡಿದ್ದು, ಹಸಿ ಗಿಡವನ್ನಲ್ಲ. ಇವೆಲ್ಲ ಹೋಗಲಿ. ವೈನಿಗೆ ಗೊತ್ತಿದ್ದರೆ, ಸರೋಜಮ್ಮನಿಗೆ ಬರೀ ಪುಂಡಿ ಕೊಡುತ್ತಿದ್ದರೇ? ಅದರಿಂದ ಏನೂ ಆಗದೆಂದು ತಿಳಿದೂ ಆ ಒಲೆಯ ಮುಂದೆ ನಿಂತು ಒಗ್ಗರಣೆ ಹಾಕುತ್ತಿದ್ದರೇ?

ಹಾಕುತ್ತಿರಲಿಲ್ಲ. ಅವರು ಅಂಥವರಲ್ಲ. ಹಾಗೆ ನಿಂತದ್ದು ನಾನು.

ಇಷ್ಟು ವರ್ಷ ನನ್ನ ನೆನಪು ಮಾಡುತ್ತಿದ್ದ ಕೆಲಸ ಇದು: ನನ್ನ ಅಪರಾಧಕ್ಕೆ ಅವರನ್ನು ಜೊತೆ ಮಾಡುವುದು. ಒಮ್ಮೆ ಬಾಯಲ್ಲಿ ಸುಳ್ಳು ಹೇಳಿದೆ, ಆಮೇಲೆ ಪ್ರತಿದಿನ ಮನಸ್ಸಿನಲ್ಲಿ ಅವರ ಮೇಲೆಯೇ ಹೇಳಿಕೊಂಡೆ.

ಬಸು ಹೋದ ಮೇಲೆ ಅವನ ಮತ್ತು ವೈನಿಯ ಮಗಳು ಫೋನು ಮಾಡಿದ್ದಳು. ‘ಅಂಕಲ್, ಅಮ್ಮ ಕೀಪ್ಸ್ ಆಸ್ಕಿಂಗ್ ಅಬೌಟ್ ಯು’ ಎಂದಳು. ಬಸುವಿಗೆ ಕೊಟ್ಟ ಮಾತಿನಲ್ಲಿ ಆಕಿ ಇರೂತನಕ ಎಂಬುದೂ ಇತ್ತು. ಆ ಮಾತನ್ನು ಮುರಿಯುತ್ತಿದ್ದೇನೆ. ಸತ್ತ ಗೆಳೆಯ ಬೈಯುವಷ್ಟು ಬೈದುಕೊಳ್ಳಲಿ. ಅವನ ಸಿಟ್ಟು ನನಗೆ ರೂಢಿಯಿದೆ. ಇದನ್ನು ಓದಿ ತಲೆ ಆಡಿಸುವವರೂ ಆಡಿಸಿಕೊಳ್ಳಲಿ. ನನಗೆ ಉತ್ತರ ಹೇಳಬೇಕಾದದ್ದು ಒಬ್ಬರಿಗೆ.

ವೈನಿ, ಈ ಶನಿವಾರ ಬರುತ್ತೇನೆ. ಒಳಗ ಬರ್ರಿ ಎನ್ನುವ ಮೊದಲೇ, ಬಾಗಿಲಲ್ಲೇ ನಿಂತು ಹೇಳುತ್ತೇನೆ. ‘ನನಗ ಗೊತ್ತಿತ್ತು’ ಎಂದು ದೊಡ್ಡ ಮನಸ್ಸು ಮಾಡಿ ಹೇಳಬೇಡಿ. ಆ ಮಾತಿಗೆ ನಾನು ಎಷ್ಟು ಆಸೆಪಟ್ಟಿದ್ದೇನೆಂದು ನನಗೆ ಗೊತ್ತು, ಅದಕ್ಕೇ ನೀವು ಹೇಳಿದರೂ ನಂಬುವುದಿಲ್ಲ. ಬೈಯಬೇಕೆನ್ನಿಸಿದರೆ ಬೈಯಿರಿ, ಅಣ್ಣನ ಹೆಸರು ಹಿಡಿದು ಬೈಯಿರಿ. ಬಾಗಿಲು ಹಾಕಿಕೊಳ್ಳಬೇಕೆನ್ನಿಸಿದರೆ ಹಾಕಿಕೊಳ್ಳಿ. ಆದರೆ ಅದಕ್ಕೂ ಮೊದಲು, ಸೇತುವೆಯ ಮೇಲೆ ನಾನು ಹೇಳದೆ ಉಳಿಸಿಕೊಂಡ ಉತ್ತರವನ್ನು ಕೇಳಿಸಿಕೊಳ್ಳಿ.

ನಿಮ್ಮ ಕೈಗುಣ ಕೆಟ್ಟಿರಲಿಲ್ಲ. ಸರೋಜಮ್ಮನಿಗೆ ನೀವು ಕೊಟ್ಟದ್ದು ಬರೇ ಪುಂಡಿ. ನಿಮಗೆ ನಾವು ಕೊಟ್ಟದ್ದು ಬರೇ ಪುಂಡಿ ಅಲ್ಲ.